ಎದುರಿನ ಛತ್ರದ ಗಡಿಯಾರ

ಕಳೆದ ತಿಂಗಳು ಮನೆಗೆ ಬಣ್ಣ ಹೊಡೆಸಿದೆವು. ಶಿವಮೊಗ್ಗದ ರಾಗಿಗುಡ್ಡದಲ್ಲಿ ನಾವಿರುವ ಕಡೆ ಧೂಳು ಜಾಸ್ತಿ, ಗೋಡೆಗಳು ಯಾವ ಬಣ್ಣದಲ್ಲಿದ್ದವು ಎಂಬುದೇ ಮರೆತುಹೋಗಿತ್ತು. ಹಾಲಿನ ಗೋಡೆಯ ಮೇಲಿದ್ದದ್ದನ್ನೆಲ್ಲ ಇಳಿಸಿ ದಿವಾನದ ಮೇಲೆ ಹರಡಿದ್ದೆ. ಬಣ್ಣದವನು ಅದರಲ್ಲಿ ಗಡಿಯಾರವೊಂದನ್ನು ಎತ್ತಿಕೊಂಡು, ಗಾಜನ್ನು ಅಂಗಿಯ ತುದಿಯಿಂದ ಒರೆಸಿ, ಕೆಂಪು ಪೇಂಟಿನ ಅಕ್ಷರಗಳನ್ನು ಜೋರಾಗಿ ಓದಿದ. 'ಸುಮಂಗಲ – ಪ್ರಕಾಶ, ಶುಭ ವಿವಾಹದ ಸವಿನೆನಪಿಗಾಗಿ.' ಅದರ ಕೆಳಗೆ ಕೊಟ್ಟವರ ಹೆಸರು, ಹೆಸರಿನ ಮುಂದೆ 'ಶಾಸಕರು'.

"ಅಕ್ಕಾ, ನಿಮ್ ಹೆಸ್ರು ಗಿರಿಜಾ ಅಲ್ವಾ? ಇದ್ಯಾರು ಸುಮಂಗಲ?" ಎಂದು ಕೇಳಿದ.

ನಮ್ಮ ಮನೆಗೆ ಬಂದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ನನ್ನ ಮಗಳ ಗೆಳತಿಯರು ಸುಮಂಗಲ ಎಂದರೆ ನನ್ನ ಅತ್ತೆ ಎಂದುಕೊಂಡಿದ್ದರು. ಗ್ಯಾಸ್ ಸಿಲಿಂಡರ್ ತರುವವನು ನನ್ನ ಗಂಡನನ್ನು ಬಹಳ ಕಾಲ 'ಪ್ರಕಾಶಣ್ಣ' ಎಂದೇ ಕರೆಯುತ್ತಿದ್ದ, ಇವರೂ ತಿದ್ದುವ ಗೋಜಿಗೆ ಹೋಗದೆ ಹ್ಞೂಂ ಎನ್ನುತ್ತಿದ್ದರು. ಬಣ್ಣದವನ ಪ್ರಶ್ನೆಗೆ ನಾನು ಬಾಯಿ ತೆರೆಯುವ ಮೊದಲೇ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಉತ್ತರ ಕೊಟ್ಟರು. ಭದ್ರಾವತಿಯಿಂದ ಬೆಳಗಿನ ಬಸ್ಸು ಹತ್ತಿ, ಯಾರೂ ಕರೆಯದಿದ್ದರೂ ಮೇಲ್ವಿಚಾರಣೆಗೆ ಬಂದಿದ್ದರು. ಅವರೇನು ಹೇಳಿದರು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಗಡಿಯಾರ ಕೊಟ್ಟವರ ವಿಷಯ ಹೇಳಬೇಕು.

ಊರಿಗೆ ಅವರು ಶಾಸಕರು. ನನಗೆ ಮಾಮ. ಅಪ್ಪ ಮತ್ತು ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ಕೆಲಸಕ್ಕಿದ್ದವರು, ಓಲ್ಡ್ ಟೌನಿನ ಒಂದೇ ಬೀದಿಯವರು. ಅಪ್ಪನ ಊಟದ ಡಬ್ಬಿಯಲ್ಲಿ ಏನಿದೆ ಎಂದು ಅಪ್ಪನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ನಾನು ಚಿಕ್ಕವಳಿದ್ದಾಗ ಅವರು ತಮ್ಮ ಸೈಕಲ್ಲಿನ ಬಾರ್ ಮೇಲೆ ಟವೆಲ್ಲು ಸುತ್ತಿ ನನ್ನನ್ನು ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ದಾರಿಯುದ್ದಕ್ಕೂ ಎದುರಾದವರನ್ನೆಲ್ಲ ಮಾತಾಡಿಸಬೇಕು. ತರಕಾರಿಯವಳು, ಕ್ಷೌರದಂಗಡಿಯವನು, ತಮಿಳು ಮಾತಾಡುವ ಕ್ವಾರ್ಟರ್ಸಿನ ಹೆಂಗಸರು... ತಮಿಳಿನವರ ಜೊತೆ ಅವರು ತಮಿಳಲ್ಲೇ ಮಾತಾಡುತ್ತಿದ್ದರು, ಆ ತಮಿಳು ಕೇಳಿ ಆ ಹೆಂಗಸರು ನಗುತ್ತಿದ್ದರು, ಮಾಮನಿಗೂ ಬೇಕಾಗಿದ್ದುದು ಅದೇ. ನಾನು ಶಾಲೆಗೆ ಸರಿಯಾದ ಹೊತ್ತಿಗೆ ತಲುಪಿದ ನೆನಪೇ ಇಲ್ಲ.

ತೊಂಬತ್ತರ ದಶಕದಲ್ಲಿ ಅವರು ಚುನಾವಣೆಗೆ ನಿಂತರು. ಅವರು ನಿಂತರು ಎನ್ನುವುದಕ್ಕಿಂತ ನಮ್ಮ ಮನೆಯೇ ನಿಂತಿತು ಎನ್ನಬೇಕು. ಪೋಸ್ಟರ್ ಹಚ್ಚುವ ಮೈದಾ ಅಂಟನ್ನು ಕಾಯಿಸುತ್ತಿದ್ದದ್ದು ನಮ್ಮ ಅಡುಗೆಮನೆಯಲ್ಲಿ, ಕಲಸಿ ತಿರುವುತ್ತಿದ್ದವರು ನಮ್ಮ ಅಮ್ಮ. "ಸಾರಿಗೂ ಅಂಟಿನ ವಾಸನೆ ಬರ್ತಿದೆ, ನಿಮ್ಮ ಗೆಳೆಯ ಬೇಗ ಗೆದ್ದೋ ಸೋತೋ ಹೋಗ್ಲಿ" ಎಂದು ಅಮ್ಮ ಗೊಣಗುತ್ತಿದ್ದರು. ಅಪ್ಪ ಪಾಳಿ ಮುಗಿಸಿ ಬಂದವರೇ ಸೈಕಲ್ಲಿನ ಒಂದು ಹ್ಯಾಂಡಲ್ಲಿಗೆ ಅಂಟಿನ ಬಕೆಟ್ಟು, ಇನ್ನೊಂದಕ್ಕೆ ಪೋಸ್ಟರಿನ ಚೀಲ ತೂಗುಹಾಕಿಕೊಂಡು ಹೊರಡುತ್ತಿದ್ದರು. ಸ್ವಂತ ಮದುವೆಗೂ ಅಷ್ಟು ಓಡಾಡಿರಲಿಕ್ಕಿಲ್ಲ.

ಮಾಮ ಗೆದ್ದರು. ಶಿವಮೊಗ್ಗದಲ್ಲಿ ಎಣಿಕೆ ಮುಗಿಸಿ ತೆರೆದ ಜೀಪಿನಲ್ಲಿ ಓಲ್ಡ್ ಟೌನಿಗೆ ಬಂದರು. ಗೆದ್ದವರ ಜೀಪು ಬೀದಿಗೆ ಬಂದಾಗ ಬೇಕಾದವರ ಮನೆ ಮುಂದೆ ನಿಲ್ಲುವುದು, ಮನೆಯ ಹೆಂಗಸರು ಆರತಿ ಎತ್ತುವುದು, ಮನೆಯ ಯಜಮಾನ ಹಾರ ಹಾಕುವುದು ನಮ್ಮ ಕಡೆಯ ಪದ್ಧತಿ. ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅಪ್ಪ ಬಿಳಿ ಅಂಗಿ ತೊಟ್ಟು, ಸೇವಂತಿಗೆಯ ದೊಡ್ಡ ಹಾರ ಹಿಡಿದು ಅಮ್ಮನಿಗಿಂತ ಒಂದು ಹೆಜ್ಜೆ ಮುಂದೆ ನಿಂತಿದ್ದರು. ಜೀಪು ಬಂತು. ಡೊಳ್ಳು, ಗುಲಾಲು, ಕೂಗಾಟ. ಯಾರೋ ಜೀಪಿನ ಆಚೆ ಬದಿಯಿಂದ ಹಾರ ಹಾಕಲು ಹತ್ತಿದರು, ಮಾಮ ಅತ್ತ ತಿರುಗಿದರು, ಹುಡುಗರು ಜೀಪನ್ನು ಮುಂದಕ್ಕೆ ನೂಕಿಕೊಂಡು ಹೋದರು... ಅಷ್ಟೇ. ನಮ್ಮ ಮನೆ ದಾಟಿಹೋಯಿತು.

ಅಪ್ಪ ಆ ಹಾರವನ್ನು ತಂದು ತಮ್ಮ ಸೈಕಲ್ಲಿಗೆ ಹಾಕಿದರು. "ಓಡಾಡಿದ್ದು ಇದೇ ಅಲ್ವಾ" ಎಂದರು. ನನಗೆ ನಗು ಬಂತು, ಅಮ್ಮನ ಮುಖ ನೋಡಿ ನುಂಗಿಕೊಂಡೆ.

ಮಾರನೆಯ ದಿನ ಮಾಮ ತಾವಾಗಿಯೇ ಮನೆಗೆ ಬಂದರು. ಅವರ ದನಿ ಕೇಳಿದ್ದೇ ತಡ, ಅಪ್ಪ ಹಿತ್ತಿಲ ಬಚ್ಚಲಿಗೆ ಹೊಕ್ಕು ಚಿಲಕ ಹಾಕಿಕೊಂಡರು. "ಸ್ನಾನಕ್ಕೆ ಹೋಗಿದಾರೆ" ಎಂದು ಅಮ್ಮ ಹೇಳಿದರು. ಮಾಮ ಕಾಫಿ ಕುಡಿದರು, ಪೇಪರ್ ಓದಿದರು, ನನ್ನ ಕಾಲೇಜಿನ ವಿಷಯ ವಿಚಾರಿಸಿದರು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಮಾತ್ರ ನಿಲ್ಲಲಿಲ್ಲ. ಎದ್ದು ಹೋದರು. ಮತ್ತೊಂದು ದಿನ ಬಂದರು, ಅಪ್ಪನಿಗೆ ಮತ್ತೆ ಸ್ನಾನ. ಇನ್ನೊಂದು ದಿನ ಬಂದರು, ಅವತ್ತೂ ಸ್ನಾನ. ಆ ವರ್ಷ ನಮ್ಮ ಅಪ್ಪನಷ್ಟು ಶುಭ್ರವಾದ ಮನುಷ್ಯ ಇಡೀ ಭದ್ರಾವತಿಯಲ್ಲಿ ಇರಲಿಲ್ಲ. ಕೊನೆಗೆ ಮಾಮ ಬರುವುದನ್ನು ನಿಲ್ಲಿಸಿದರು.

ಆದರೂ ಅಪ್ಪ ಪೇಪರಿನಲ್ಲಿ ಮಾಮನ ಹೆಸರಿದ್ದ ಸುದ್ದಿಯನ್ನೆಲ್ಲ ಮೊದಲಿಂದ ಕೊನೆವರೆಗೆ ಓದುತ್ತಿದ್ದರು. ಓದಿ, ಮಡಚಿ, "ಏನೋ ಬರ್ದಿದಾರೆ" ಎಂದು ಪಕ್ಕಕ್ಕಿಡುತ್ತಿದ್ದರು. ಬರೆಯುವಂಥದ್ದು ಇರುತ್ತಿತ್ತು ಕೂಡ. ಮಾಮನ ಬಳಿ ಕೆಲಸ ಕೇಳಿಕೊಂಡು ಹೋದವರಿಗೆ ಅವರು ಶಿಫಾರಸು ಪತ್ರ ಬರೆದುಕೊಡುತ್ತಿರಲಿಲ್ಲ. "ನಡಿ, ನಾನೇ ಬರ್ತೀನಿ" ಎಂದು ಎದ್ದುಬಿಡುತ್ತಿದ್ದರು. ವಿಧವಾ ವೇತನದ ಅಜ್ಜಿಯಾಗಲಿ, ನಲ್ಲಿ ಕನೆಕ್ಷನ್ ಸಿಗದ ಸಂಸಾರವಾಗಲಿ, ಅವರ ಜೊತೆ ಶಿವಮೊಗ್ಗದ ಕಚೇರಿಗೆ ಹೋಗಿ, ಅವರ ಪಕ್ಕದ ಬೆಂಚಿನಲ್ಲೇ ಕೂತುಬಿಡುವುದು. ಶಾಸಕರು ಹೊರಗಿನ ಬೆಂಚಿನಲ್ಲಿ ಕೂತಿದ್ದಾರೆ ಎಂದರೆ ಒಳಗಿದ್ದವರಿಗೆ ಕುರ್ಚಿಯಲ್ಲಿ ಕೂರಲಾದೀತೆ? ಹೋಗುತ್ತಿದ್ದದ್ದು ಎಷ್ಟೋ ಸಲ ಪ್ರೈವೇಟ್ ಬಸ್ಸಿನಲ್ಲಿ. ಅವರ ಕಾರು ಯಾರದೋ ಹೆರಿಗೆಗೆ ಹೋಗಿರುತ್ತಿತ್ತು. ಆ ಕಾರಿನಲ್ಲಿ ಶಾಸಕರಿಗಿಂತ ಬಸುರಿಯರೇ ಹೆಚ್ಚು ಓಡಾಡಿದ್ದಾರೆ ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು.

ಇನ್ನು ಮದುವೆ ಕಾಲ ಬಂದರೆ ಅವರನ್ನು ನೋಡಬೇಕಿತ್ತು. ಒಳ್ಳೆಯ ಮುಹೂರ್ತವಿದ್ದ ದಿನ ಊರಿನ ಎಲ್ಲ ಛತ್ರಗಳಿಂದಲೂ ಕರೆ. ಒಂದು ಕಡೆ ಉಂಡು ಇನ್ನೊಂದು ಕಡೆ ಉಣ್ಣದಿದ್ದರೆ ಬೇಜಾರು. ಅದಕ್ಕೆ ಮಾಮ ಒಂದು ಉಪಾಯ ಕಂಡುಕೊಂಡಿದ್ದರು. ಒಂದು ಛತ್ರದಲ್ಲಿ ಕೋಸಂಬರಿ, ಇನ್ನೊಂದರಲ್ಲಿ ಎರಡು ತುತ್ತು ಅನ್ನ ಸಾರು, ಮತ್ತೊಂದರಲ್ಲಿ ಪಾಯಸ, ಕೊನೆಯ ಛತ್ರದಲ್ಲಿ ಮಜ್ಜಿಗೆ. ಎಲ್ಲ ಸೇರಿ ಒಂದು ಊಟ. ಎಲ್ಲ ಕಡೆಯೂ ಒಂದೇ ಉಡುಗೊರೆ, ಗೋಡೆ ಗಡಿಯಾರ. ಗಾಜಿನ ಮೇಲೆ ಹೆಣ್ಣು ಗಂಡಿನ ಹೆಸರನ್ನು ಪೇಂಟಿನಲ್ಲಿ ಬರೆಸಿ, ಎಲ್ಲಕ್ಕೂ ಒಂದೇ ಥರದ ಬಣ್ಣದ ಕಾಗದ ಸುತ್ತಿಸಿ, ಕಾರಿನ ಹಿಂದೆ ಪೇರಿಸಿಕೊಂಡು ಹೊರಡುತ್ತಿದ್ದರು.

ನನ್ನ ಮದುವೆ ಗೊತ್ತಾಯಿತು. ಗಂಡು ಶಿವಮೊಗ್ಗದವರು, ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟವರು. ಲಗ್ನಪತ್ರಿಕೆ ಹಂಚುವಾಗ ಅಮ್ಮ ಮೆಲ್ಲಗೆ ಮಾಮನ ಮನೆಯ ಮಾತೆತ್ತಿದರು. "ನಮ್ಮನೆ ದಾರಿ ಗೊತ್ತಿಲ್ಲದವನಿಗೆ ಪತ್ರಿಕೆ ಯಾಕೆ?" ಎಂದು ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿದರು. ನನಗೆ ಮಾಮ ಬೇಕಾಗಿತ್ತು. ಅವರಿಲ್ಲದೆ ಎಂಥ ಮದುವೆ ಎಂದು ಒಳಗೊಳಗೇ ಅಳು ಬರುತ್ತಿತ್ತು. ಆದರೆ ಅಪ್ಪನ ಎದುರು ಹೇಳುವ ಧೈರ್ಯ ಯಾರಿಗಿತ್ತು? ನನಗಂತೂ ಇರಲಿಲ್ಲ.

ಮದುವೆ ನಡೆದದ್ದು ಓಲ್ಡ್ ಟೌನಿನಲ್ಲಿ. ರಸ್ತೆಯ ಈ ಬದಿ ನಮ್ಮ ಛತ್ರ, ಆ ಬದಿ ಇನ್ನೊಂದು, ಅಲ್ಲೂ ಅವತ್ತೇ ಮದುವೆ. ಎರಡೂ ಕಡೆ ಮೈಕು. ಅವರ ವಾಲಗ ನಮಗೆ, ನಮ್ಮ ವಾಲಗ ಅವರಿಗೆ. ನಮ್ಮ ಕಡೆಯ ಒಬ್ಬ ಅಜ್ಜ ಬೆಳಿಗ್ಗೆ ಬಂದು ಅಪ್ಪನ ಭುಜ ತಟ್ಟಿ, "ಉಪ್ಪಿಟ್ಟು ಭಾಳ ಚೆನ್ನಾಗಿತ್ತಪ್ಪ" ಎಂದರು. ನಾವು ಮಾಡಿಸಿದ್ದು ಇಡ್ಲಿ.

ಧಾರೆಗೆ ಇನ್ನೇನು ಸ್ವಲ್ಪ ಹೊತ್ತಿತ್ತು. ಬಾಗಿಲಲ್ಲಿ ಗದ್ದಲವಾಯಿತು. ನೋಡಿದರೆ ಮಾಮ. ಬಿಳಿ ಪಂಚೆ, ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಡಬ್ಬ. ಅಣ್ಣ ಎಲ್ಲಿ ಮಂಟಪದಿಂದಲೇ ಎದ್ದು ಹೋಗುತ್ತಾನೋ ಎಂದು ಹೆದರಿದ ನನ್ನ ಚಿಕ್ಕಪ್ಪ ಓಡಿಹೋಗಿ ಅಡ್ಡ ನಿಂತು, "ಸಾರ್, ತಾವು ಎದುರಿನ ಛತ್ರಕ್ಕಲ್ವಾ? ಇದು ನಮ್ದು" ಎಂದರು.

ಮಾಮ ಚಿಕ್ಕಪ್ಪನನ್ನು ನೋಡಿದರು. ಮಂಟಪದಲ್ಲಿದ್ದ ಅಪ್ಪನನ್ನು ನೋಡಿದರು. ಆಮೇಲೆ ಹಣೆ ಹಣೆ ಬಡಿದುಕೊಂಡರು. "ಅಯ್ಯೋ, ಹೌದಾ? ತಪ್ಪಿ ಬಂದುಬಿಟ್ನಲ್ಲ ಮಾರಾಯ."

ಹಿಂದಿರುಗಿ ಚಪ್ಪಲಿ ಹುಡುಕತೊಡಗಿದರು. ಚಪ್ಪಲಿ ಕಾಲ ಬಳಿಯೇ ಇತ್ತು, ನನಗೆ ಮಂಟಪದಿಂದಲೇ ಕಾಣುತ್ತಿತ್ತು. ಆದರೂ ಹುಡುಕಿದರು, ಹುಡುಕುತ್ತಲೇ ಇದ್ದರು. ಅಪ್ಪನ ಕೈಯಲ್ಲಿ ಧಾರೆಯ ತಂಬಿಗೆ. ಮುಖ ಕೆಂಪಾಗಿತ್ತು. ಮದುವೆಗೆ ಬಂದವರನ್ನು ಉಣ್ಣದೆ ಕಳಿಸುವುದು ನಮ್ಮಲ್ಲಿ ಉಂಟೇ? ಅದೂ ಹೊಸ್ತಿಲು ದಾಟಿ ಒಳಗೆ ಬಂದವರನ್ನು, ಅದೂ ಆ ಮನುಷ್ಯನನ್ನು... ಅಪ್ಪ ತಡೆಯಲಾರದೆ ಕೂಗಿಯೇಬಿಟ್ಟರು. "ಏಯ್, ನಿಲ್ಲು. ಅವತ್ತು ತಪ್ಪಿ ಹೋದೆ, ಇವತ್ತು ತಪ್ಪಿ ಬಂದೆ. ಬಂದಿದ್ದು ಬಂದೆ, ಊಟ ಮಾಡ್ಕೊಂಡ್ ಹೋಗು."

ಪುರೋಹಿತರ ಮುಂದೆ ಮೈಕಿದೆ ಎಂಬುದು ಅಪ್ಪನಿಗೆ ಮರೆತೇಹೋಗಿತ್ತು. ಮಾತು ನಮ್ಮ ಛತ್ರವನ್ನೆಲ್ಲ ತುಂಬಿ, ರಸ್ತೆ ದಾಟಿ ಎದುರಿನ ಛತ್ರಕ್ಕೂ ಹೋಯಿತು. ಮೊದಲು ನಮ್ಮವರು ನಕ್ಕರು, ಆಮೇಲೆ ಎದುರಿನವರ ನಗು ಕೇಳಿಸಿತು. ಪುರೋಹಿತರು ಮಂತ್ರ ನಿಲ್ಲಿಸಿ ನಗುತ್ತಿದ್ದರು. ನಾನು ತಲೆ ತಗ್ಗಿಸಿ ಕೂರಬೇಕಾದ ಮದುಮಗಳು, ಬಾಸಿಂಗ ಜಾರುವಷ್ಟು ನಕ್ಕೆ.

ಮಾಮ ಅಕ್ಷತೆ ಹಾಕಿದರು, ಡಬ್ಬವನ್ನು ನನ್ನ ಕೈಗೆ ಕೊಟ್ಟು ತಲೆ ಸವರಿದರು. ಆಮೇಲೆ ಮೊದಲ ಪಂಕ್ತಿಯಲ್ಲಿ ಕೂತು ಉಪ್ಪಿನಿಂದ ಹಿಡಿದು ಮಜ್ಜಿಗೆಯವರೆಗೆ ಪೂರ್ತಿ ಊಟ ಮಾಡಿದರಂತೆ. ಹೋಳಿಗೆ ಎರಡನೆಯ ಸಲ ಹಾಕಿಸಿಕೊಂಡರಂತೆ. ಅಪ್ಪ ತಾವೇ ತುಪ್ಪದ ಪಾತ್ರೆ ಹಿಡಿದು ಬಡಿಸಿದರಂತೆ. ಅಪ್ಪ ತುಪ್ಪ ಸುರಿಯುತ್ತಲೇ ಇದ್ದರು, ಅವರು ಸಾಕು ಎನ್ನಲಿಲ್ಲ, ಎಲೆಯ ತುಂಬ ತುಪ್ಪ ಹರಿಯಿತು ಎಂದು ಅಮ್ಮ ಈಗಲೂ ಹೇಳುತ್ತಾರೆ. ಇದನ್ನೆಲ್ಲ ಕಂಡ ಜನ, ದಾರಿ ತಪ್ಪಿ ಬಂದವರಿಗೆ ಹಸಿವು ಜಾಸ್ತಿ ಎಂದು ನಕ್ಕರು. ಅಲ್ಲಿಂದ ಎದ್ದು ಮಾಮ ರಸ್ತೆ ದಾಟಿ ಎದುರಿನ ಮದುವೆಗೆ ಹೋದರು.

ಶಿವಮೊಗ್ಗದ ಮನೆಗೆ ಬಂದು ಉಡುಗೊರೆಗಳನ್ನು ಬಿಚ್ಚಿದಾಗ ಡಬ್ಬದಲ್ಲಿ ಈ ಗಡಿಯಾರ ಸಿಕ್ಕಿತು. ಅದರ ಮೇಲೆ ಸುಮಂಗಲ – ಪ್ರಕಾಶ. ಎದುರಿನ ಛತ್ರದ ಕಮಾನಿನ ಮೇಲೆ ಹೂವಿನಲ್ಲಿ ಬರೆದಿದ್ದ ಹೆಸರುಗಳೇ. ಇನ್ನೇನು ಬೇಕು ಸಾಕ್ಷಿ? ಮನುಷ್ಯ ನಿಜವಾಗಿಯೂ ತಪ್ಪಿ ಬಂದದ್ದೇ ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನಗೆ ಮಾತ್ರ ಒಂದು ಚೂರು ಪಿಚ್ಚೆನಿಸಿತು. ಬೇಕೆಂದೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಅಪ್ಪನ ಸ್ನಾನಗಳು ಅಲ್ಲಿಗೆ ಮುಗಿದವು. ಮಾಮ ಮತ್ತೆ ನಮ್ಮ ಮನೆಯ ಜಗಲಿಗೆ ಬಂದರು. ಮದುವೆಯ ಕಥೆಯಂತೂ ಅಪ್ಪನ ಬಾಯಲ್ಲಿ ಊರಿಡೀ ಸುತ್ತಿತು. ಮಾಮ ಎದುರಿಗಿದ್ದರಂತೂ ಮುಗಿದೇಹೋಯಿತು, ಕೈಕಾಲು ಆಡಿಸಿ ಅಭಿನಯಿಸಿ ತೋರಿಸುತ್ತಿದ್ದರು. "ಇವನಿಗೆ ಛತ್ರವೇ ಗೊತ್ತಾಗಲ್ಲ, ಕ್ಷೇತ್ರ ಹ್ಯಾಗೆ ಗೊತ್ತಾಗ್ಬೇಕು?" ಮಾಮ ಬೇಸರಿಸುತ್ತಿರಲಿಲ್ಲ. "ಚಪ್ಪಲಿ ಹುಡುಕಿದ್ದನ್ನ ಬಿಟ್ಯಲ್ಲೋ" ಎಂದು ತಾವೇ ನೆನಪಿಸುತ್ತಿದ್ದರು. ಮುಂದಿನ ಚುನಾವಣೆಯಲ್ಲಿ ಅವರು ಸೋತ ದಿನ ಅಪ್ಪ ಅವರ ಮನೆಗೆ ಹೋಗಿ ಆ ಕಥೆಯನ್ನೇ ಹೇಳಿ ನಗಿಸಿ ಬಂದರಂತೆ. ಅಪ್ಪನಿಗೆ ಬೇರೆ ಥರ ಸಮಾಧಾನ ಹೇಳಲು ಬರುವುದಿಲ್ಲ.

ಒಮ್ಮೆ ಮಾಮ ನಮ್ಮ ಶಿವಮೊಗ್ಗದ ಮನೆಗೆ ಬಂದಾಗ ಗೋಡೆಯತ್ತ ಕೈ ತೋರಿಸಿ, "ಮಾಮ, ಇದು ಅವರ ಗಡಿಯಾರ, ತಲುಪಿಸ್ಬೇಕಲ್ವಾ?" ಎಂದೆ. ಅವರು ಕನ್ನಡಕ ಏರಿಸಿ ಹತ್ತಿರ ಹೋಗಿ ಹೆಸರು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ನಕ್ಕರು ನೋಡಿ, ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ನಾನು ನೀರಿನ ಲೋಟ ತರುವ ತನಕ ನಕ್ಕರು. "ಟೈಮ್ ಸರಿಯಾಗಿ ತೋರಿಸ್ತಿದ್ಯಾ ಪುಟ್ಟಿ? ಹಾಗಿದ್ರೆ ಬಿಡು" ಎಂದರು. ಅಷ್ಟು ನಗುವಂಥದ್ದು ಏನಿದೆ ಎಂದು ನನಗೆ ಅರ್ಥವಾಗಲಿಲ್ಲ.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಓಲ್ಡ್ ಟೌನಿನಲ್ಲಿ ಯಾರೂ ಹೇಳದೆ ಅಂಗಡಿಗಳು ಮುಚ್ಚಿದವು. ಆ ಕಾರಿನಲ್ಲಿ ಆಸ್ಪತ್ರೆಗೆ ಹೋಗಿ ಹೆತ್ತ ಹೆಂಗಸರು ಬೆಳೆದ ಮಕ್ಕಳನ್ನು ಕರೆದುಕೊಂಡು ಬಂದು ಸಾಲಿನಲ್ಲಿ ನಿಂತಿದ್ದರು. ಮಣ್ಣು ಮಾಡಿ ಬಂದ ಅಪ್ಪ ಪದ್ಧತಿಯಂತೆ ಸ್ನಾನಕ್ಕೆ ಹೋದರು. ನೀರು ಸುರಿಯುವ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ನಾನು ಬಾಗಿಲು ಬಡಿಯಲು ಹೋದೆ. ಅಮ್ಮ ಕೈ ಹಿಡಿದು ಎಳೆದರು. "ಬಿಡು, ಅಳ್ತಿದಾರೆ" ಎಂದರು.

ಕೆಲವು ದಿನಗಳ ನಂತರ ಶಿವಮೊಗ್ಗದಲ್ಲಿ ನುಡಿನಮನ ಸಭೆ ಇಟ್ಟುಕೊಂಡಿದ್ದರು. ಅಪ್ಪ ಬರಲಿಲ್ಲ, ನಾನು ಹೋಗಿದ್ದೆ. ಭಾಷಣ ಮಾಡಿದವರೊಬ್ಬರು ಛತ್ರ ತಪ್ಪಿ ಹೋದ ಶಾಸಕರ ಕಥೆ ಹೇಳಿದರು. ಸಭೆಯೆಲ್ಲ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಿತು. ನನ್ನ ಪಕ್ಕದ ಕುರ್ಚಿಯ ಹೆಂಗಸು ನನ್ನತ್ತ ಬಾಗಿ, "ಎದುರಿನ ಛತ್ರದಲ್ಲಿದ್ದದ್ದು ನಾವೇ ಕಣ್ರೀ. ಮೈಕಲ್ಲಿ ಕೇಳಿ ನಾನೂ ನಕ್ಕಿದ್ದೆ" ಎಂದಳು.

"ಸುಮಂಗಲನಾ ನೀವು?" ಎಂದೆ. ಅವಳು ಬೆರಗಾದಳು. "ನಿಮ್ಮ ಗಡಿಯಾರ ನಮ್ಮನೇಲಿದೆ" ಎಂದು ನಾನು ನಗುತ್ತಾ ಹೇಳಿದೆ.

"ನಮಗೂ ಒಂದು ಕೊಟ್ಟಿದಾರಲ್ಲ. ಆದ್ರೆ ಅಂಗಡಿಯವನು ಹೆಸರು ತಪ್ಪು ಬರ್ದಿದಾನೆ" ಎಂದಳು ಅವಳು. "ಗಿರಿಜಾ – ಮಲ್ಲಿಕಾರ್ಜುನ ಅಂತಿದೆ. ಯಾರೋ ಏನೋ."

ಗಿರಿಜಾ ನಾನು. ಮಲ್ಲಿಕಾರ್ಜುನ ನನ್ನ ಗಂಡ. ವೇದಿಕೆಯ ಮೇಲೆ ಇನ್ಯಾರೋ ಮಾತಾಡುತ್ತಿದ್ದರು, ನನಗೆ ಒಂದಕ್ಷರವೂ ಕೇಳಿಸಲಿಲ್ಲ. ನಮ್ಮ ಹೆಸರಿನ ಗಡಿಯಾರ ಮದುವೆಗೆ ಮೊದಲೇ ತಯಾರಾಗಿತ್ತು. ಒಂದೇ ಥರದ ಕಾಗದ ಸುತ್ತಿದ ಎರಡು ಡಬ್ಬಗಳಲ್ಲಿ ಅವರು ಕೈಗೆ ಎತ್ತಿಕೊಂಡದ್ದು ಬೇರೆಯದನ್ನು. ತಪ್ಪಿದ್ದು ಡಬ್ಬ, ಛತ್ರವಲ್ಲ. ಅವರು ನನ್ನ ಮದುವೆಗೇ ಬಂದಿದ್ದರು! ಕರೆಯದೆ ಬಂದೆ ಎಂದು ಹೇಳಿದ್ದರೆ ಅಪ್ಪ ಮಂಟಪದಿಂದೆದ್ದು ಬಚ್ಚಲು ಸೇರುತ್ತಿದ್ದರೋ ಏನೋ. ಚಿಕ್ಕಪ್ಪ ಗಾಬರಿಯಲ್ಲಿ ಆಡಿದ ಮಾತನ್ನೇ ಹಿಡಿದುಕೊಂಡು, ಊರೆಲ್ಲ ನಗಲಿ ಎಂದು ದಾರಿ ತಪ್ಪಿದವರಾಗಿ ಉಳಿದರು. ಸಾಯುವ ತನಕ ಹಾಗೇ ಉಳಿದರು. ನಾನು ಸುಮಂಗಲಳ ಕೈ ಹಿಡಿದುಕೊಂಡು ಸಂತೋಷಕ್ಕೋ ದುಃಖಕ್ಕೋ ತಿಳಿಯದೆ ಜೋರಾಗಿ ಅತ್ತೆ.

ಅಲ್ಲಿಂದ ನೇರ ಭದ್ರಾವತಿಯ ಬಸ್ಸು ಹತ್ತಿದೆ. ಅಪ್ಪ ಜಗಲಿಯಲ್ಲಿ ಕೂತಿದ್ದರು. ಎಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡು, "ಅಲ್ಲ, ಗಂಡಿನ ಹೆಸರು ಅವನಿಗೆ ಯಾರು ಹೇಳಿದ್ದು?" ಎಂದರು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. "ಯಾರೋ ಹೇಳಿರ್ತಾರೆ" ಎಂದು ಅಮ್ಮ ಒಳಗಿನಿಂದಲೇ ಅಂದರು. ಅಪ್ಪ ಅಡುಗೆಮನೆಯ ಬಾಗಿಲನ್ನು ಒಮ್ಮೆ ನೋಡಿ, ಆಮೇಲೆ ಜಗಲಿಯಲ್ಲಿ ಮಾಮ ಯಾವಾಗಲೂ ಕೂರುತ್ತಿದ್ದ ಜಾಗದ ಕಡೆ ತಿರುಗಿದರು. "ನಂಗೆ ಒಂದು ಮಾತು ಹೇಳಬಾರದಿತ್ತಾ ಮಾರಾಯ" ಎಂದರು.

ಸುಮಂಗಲ ಈಗ ನನ್ನ ಗೆಳತಿ. ಗಡಿಯಾರ ಬದಲಾಯಿಸಿಕೊಳ್ಳೋಣ ಎಂದು ಅವಳು ಹೇಳಿದ್ದಳು. ಅಪ್ಪ ಬೇಡವೆಂದರು. ಅವನ ಕೈಯಿಂದ ಎಲ್ಲಿಗೆ ಬಂತೋ ಅಲ್ಲೇ ಇರಲಿ ಎಂದರು. ಹಾಗಾಗಿ ನಮ್ಮ ಹೆಸರು ಅವಳ ಮನೆಯಲ್ಲಿ, ಅವಳ ಹೆಸರು ನಮ್ಮ ಮನೆಯಲ್ಲಿ ಇದೆ. ಮಾಮ ಇದ್ದಿದ್ದರೆ ಎರಡೂ ಮನೆಗೆ ಬಂದು, ಒಂದರಲ್ಲಿ ಉಪ್ಪಿಟ್ಟು, ಇನ್ನೊಂದರಲ್ಲಿ ಕಾಫಿ ಮುಗಿಸಿ ಹೋಗುತ್ತಿದ್ದರು. ಇಲ್ಲವಲ್ಲ...

ಅಪ್ಪ ಈಗಲೂ ಆ ಕಥೆ ಹೇಳುತ್ತಾರೆ. ಕಳೆದ ತಿಂಗಳು ಬಣ್ಣದವನಿಗೂ ಹೇಳಿದರು. ಮೈಕು, ಚಪ್ಪಲಿ, ತುಪ್ಪ, ಯಾವುದನ್ನೂ ಬಿಡಲಿಲ್ಲ. ಬಣ್ಣದವನು ಬ್ರಶ್ಶು ಕೆಳಗಿಟ್ಟು ನಕ್ಕು, "ಪಾಪ, ದಾರಿ ತಪ್ಪಿ ಬಂದಿದ್ರಾ ಸಾಹೇಬ್ರು" ಎಂದ.

ಅಪ್ಪ ಅವನ ಕೈಯಿಂದ ಗಡಿಯಾರ ತೆಗೆದುಕೊಂಡು, ಗಾಜಿಗೆ ಸಿಡಿದಿದ್ದ ಬಣ್ಣದ ಹನಿಯನ್ನು ಉಗುರಿನಿಂದ ಕೆರೆದರು.

"ಇಲ್ಲಪ್ಪ, ಅವನು ಸರಿಯಾಗೇ ಬಂದಿದ್ದ" ಎಂದರು. "ನಾನು ಕರೆದಿರಲಿಲ್ಲ."